ಅಚ್ಚಿನ ಕೂಗು, ಬ್ರೇಕಿನ ಕೂಗು

ಗಾಲಿ ಸದ್ದು ಮಾಡಿದರೆ ಎಣ್ಣೆ ಹಾಕಬೇಕು ಎಂಬುದು ಬಂಡಿ ಕಂಡ ನಾಡಿನ ಹಳೆಯ ತಿಳಿವಳಿಕೆ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಹಿರಿಯರಿಗೆ ಈ ಮಾತನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಮೈಲಾರದ ಜಾತ್ರೆಗೂ ಕುರುವತ್ತಿಯ ಜಾತ್ರೆಗೂ ಬಂಡಿ ಕಟ್ಟಿಕೊಂಡು ಹೋದವರಿಗೆ, ಇರುಳಿಡೀ ಸಾಲುಬಂಡಿಗಳ ಸದ್ದು ಕೇಳಿದವರಿಗೆ, ಯಾವ ಬಂಡಿಯ ಅಚ್ಚು ಒಣಗಿದೆ ಎಂಬುದು ಕತ್ತಲಲ್ಲೂ ತಿಳಿಯುತ್ತಿತ್ತು. ಅದೇ ಕುಟುಂಬಗಳ ಮನೆಯ ಮುಂದೆ ಈಗ ಕಾರು ನಿಂತಿದೆ. ಕೊಂಡು ವರ್ಷ ತುಂಬಿರುವುದಿಲ್ಲ, ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ ನೆನಪು ಇನ್ನೂ ಹಸಿಯಾಗಿರುತ್ತದೆ. ಅಷ್ಟರಲ್ಲೇ ಬ್ರೇಕ್ ಒತ್ತಿದರೆ ಸಾಕು, ಬೀದಿಯವರೆಲ್ಲ ತಿರುಗಿ ನೋಡುವಂತೆ 'ಕೀಂಯ್' ಎಂಬ ಕೂಗು. 'ಒಂದಿಷ್ಟು ಎಣ್ಣೆ ಬಿಡಿ, ಸರಿಹೋಗುತ್ತೆ' ಎಂದು ಪಕ್ಕದವರು ಹೇಳುವುದು ಸಹಜ.

ಆದರೆ ಅದಕ್ಕಿಂತ ಅಪಾಯದ ಸಲಹೆ ಇನ್ನೊಂದಿಲ್ಲ. ಅಚ್ಚಿನ ಕೂಗು, ಬ್ರೇಕಿನ ಕೂಗು ಎರಡೂ ಕಿವಿಗೆ ಒಂದೇ ಬಗೆಯಾಗಿ ಕೇಳಿದರೂ ಅವುಗಳ ಬೇಡಿಕೆ ಒಂದಕ್ಕೊಂದು ವಿರುದ್ಧ. ಅಚ್ಚು ಕೂಗುವುದು ತನಗೆ ಘರ್ಷಣೆ ಬೇಡವೆಂದು. ಬ್ರೇಕ್ ಬದುಕಿರುವುದೇ ಘರ್ಷಣೆಯ ಮೇಲೆ. ಈ ಒಂದು ವ್ಯತ್ಯಾಸ ತಿಳಿದುಕೊಂಡರೆ ಹೊಸ ಕಾರಿನ ಸದ್ದಿಗೆ ಅನಗತ್ಯವಾಗಿ ಹೆದರುವುದೂ ತಪ್ಪುತ್ತದೆ, ಹೆದರಲೇಬೇಕಾದ ಸದ್ದನ್ನು ಕಡೆಗಣಿಸುವುದೂ ತಪ್ಪುತ್ತದೆ.

ಕೀಲೆಣ್ಣೆಯ ಕಾಲ

ಬಂಡಿಯ ಗಾಲಿ ತಿರುಗುವುದು ಅಚ್ಚಿನ ತುದಿಯ ಮೇಲೆ. ಗಾಲಿ ಕಳಚಿ ಬೀಳದಂತೆ ತುದಿಗೆ ಒಂದು ಕೀಲು. ವಚನಕಾರರ ನುಡಿಯಲ್ಲಿ ಕಡೆಗೀಲು ಎಂದು ಉಪಮೆಯಾಗಿ ಬಂದಿರುವುದು ಇದೇ. ಗಾಲಿಯ ನಡುವಿನ ಗುಂಬ ಮತ್ತು ಅಚ್ಚು ಒಂದಕ್ಕೊಂದು ಒಣಗಿ ಉಜ್ಜಿದರೆ ಸದ್ದು ಬರುತ್ತದೆ, ಎತ್ತಿಗೆ ಎಳೆತ ಹೆಚ್ಚುತ್ತದೆ, ಲೋಹ ಸವೆಯುತ್ತದೆ. ಇದಕ್ಕೆ ಪರಿಹಾರ ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡಿದ ಈ ಕಪ್ಪು ಅಂಟನ್ನು ಬಿದಿರ ಗೊಟ್ಟದಲ್ಲಿ ತುಂಬಿ ಬಂಡಿಗೆ ತೂಗುಹಾಕುತ್ತಿದ್ದರು. ದೂರದ ಪಯಣಕ್ಕೆ ಮೊದಲು ಬಂಡಿಗೆ ಊರೆ ಕೊಟ್ಟು, ಕೀಲು ಕಿತ್ತು, ಗಾಲಿಯನ್ನು ಹೊರಕ್ಕೆ ಎಳೆದು ಅಚ್ಚಿಗೆ ಬಳಿಯುವುದು ರೂಢಿ. ಗಾಲಿ ಕೂಗಿದರೆ ಅದು ಒಡೆಯನ ಸೋಮಾರಿತನದ ಸಾಕ್ಷಿ ಎಂದೇ ಊರು ತಿಳಿಯುತ್ತಿತ್ತು.

ನಿಲ್ಲಿಸುವ ಸಮಸ್ಯೆ ಬಂಡಿಗೆ ಅಷ್ಟಾಗಿ ಇರಲಿಲ್ಲ. ಎತ್ತು ನಿಂತರೆ ಬಂಡಿ ನಿಂತಂತೆ. ಇಳಿಜಾರಿನಲ್ಲಿ ಮಾತ್ರ ಭಾರ ಎತ್ತಿನ ಮೈಮೇಲೆ ಬರುತ್ತದೆ. ಅದಕ್ಕಾಗಿ ಕೆಲವು ಬಂಡಿಗಳಲ್ಲಿ ಗಾಲಿಯ ಸುತ್ತಿನ ಕಬ್ಬಿಣದ ಪಟ್ಟಿಗೆ ಒತ್ತುವ ಅಡ್ಡ ಮರವೊಂದನ್ನು ಕಟ್ಟಿ, ಹಗ್ಗದಿಂದ ಬಿಗಿಯುವ ಏರ್ಪಾಟು ಇರುತ್ತಿತ್ತು. ಮರ ಕಬ್ಬಿಣಕ್ಕೆ ಉಜ್ಜಿ ಕಿರುಗುಟ್ಟುತ್ತಿತ್ತು. ಆ ಮರಕ್ಕೆ ಮಾತ್ರ ಯಾವ ರೈತನೂ ಕೀಲೆಣ್ಣೆ ಬಳಿಯಲಿಲ್ಲ. ಒಂದೇ ಬಂಡಿಯಲ್ಲಿ ಎಣ್ಣೆ ಬೇಕಾದ ಜಾಗ ಯಾವುದು, ಬೇಡವಾದ ಜಾಗ ಯಾವುದು ಎಂಬುದು ಅವನಿಗೆ ಗೊತ್ತಿತ್ತು. ಕಾರಿನಲ್ಲಿ ಎರಡೂ ಚಕ್ರದೊಳಗೆ ಮರೆಯಾಗಿರುವುದರಿಂದ ಆ ತಿಳಿವಳಿಕೆ ಗೊಂದಲಕ್ಕೆ ಬಿದ್ದಿದೆ.

ಕೊಟ್ಟೂರಿನ ತೇರು

ನಿಲ್ಲಿಸುವುದು ಎಷ್ಟು ಕಷ್ಟವೆಂಬುದನ್ನು ಈ ಸೀಮೆಯ ಜನ ಪ್ರತಿವರ್ಷ ಕಣ್ಣಾರೆ ನೋಡುತ್ತಾರೆ. ಕೊಟ್ಟೂರಿನ ಗುರುಬಸವೇಶ್ವರನ ರಥೋತ್ಸವಕ್ಕೆ ದಾವಣಗೆರೆ ಮೊದಲಾದ ಕಡೆಗಳಿಂದ ಭಕ್ತರು ನಡೆದೇ ಬರುತ್ತಾರೆ. ತೇರಿಗೆ ಬ್ರೇಕ್ ಇಲ್ಲ. ಮುಂದೆ ಮಿಣಿ ಹಿಡಿದು ಎಳೆಯುವವರು ಸಾವಿರ ಜನವಿದ್ದರೆ, ಗಾಲಿಯ ಬಳಿ ಮರದ ತುಂಡು ಹಿಡಿದು ನಿಂತವರು ಕೆಲವೇ ಮಂದಿ. ತೇರು ಎತ್ತ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವವರು ಅವರೇ. ಸರಿಯಾದ ಗಳಿಗೆಯಲ್ಲಿ ಗಾಲಿಯಡಿ ತುಂಡು ಕೊಟ್ಟು, ಗಾಲಿ ಅದನ್ನು ಅರೆಯುತ್ತ ಏರಿದಾಗ ಏಳುವ ಸದ್ದಿನಿಂದಲೇ ಹಿಡಿತ ಸಿಕ್ಕಿತೋ ಇಲ್ಲವೋ ಎಂದು ತಿಳಿಯುವ ಕಸುಬು ಅದು.

2017ರ ಫೆಬ್ರವರಿ 21ರಂದು ಇದೇ ತೇರು ರಥೋತ್ಸವದ ನಡುವೆ ನೆಲಕ್ಕೆ ಕುಸಿಯಿತು. ಸುಮಾರು 60 ಅಡಿ ಎತ್ತರದ ತೇರು ಜನರ ನಡುವೆ ವಾಲಿ ಬಿದ್ದು ಹಲವರು ಗಾಯಗೊಂಡರು. ಅಚ್ಚು ಮುರಿದದ್ದೇ ಕಾರಣವೆಂದು ಆಗ ವರದಿಯಾಯಿತು. ಮುಂದೆ ಹೊಸ ತೇರು ಸಿದ್ಧವಾಯಿತು. ಗಾಲಿಯ ಮೇಲೆ ಸಾಗುವ ಯಾವುದಕ್ಕೂ ಈ ಘಟನೆಯಲ್ಲಿ ಒಂದು ಪಾಠವಿದೆ. ಕಣ್ಣು ಸದಾ ಮೇಲಿನ ಅಲಂಕಾರದತ್ತ ಇರುತ್ತದೆ. ಭಾರವೆಲ್ಲ ಇರುವುದು ಕೆಳಗೆ, ಕಾಣದ ಜಾಗದಲ್ಲಿ. ಕೆಳಗಿನಿಂದ ಬರುವ ಸುದ್ದಿಯನ್ನು ಕೇಳಿಸಿಕೊಳ್ಳಲು ಕಿವಿಯೊಂದೇ ದಾರಿ, ಕೆಲವೊಮ್ಮೆ ಕಿವಿಗೂ ಅದು ಮುಟ್ಟುವುದಿಲ್ಲ. ರೈಲ್ವೆಯಲ್ಲಿ ಹಿಂದೆ ಉದ್ದನೆಯ ಹಿಡಿಯ ಸುತ್ತಿಗೆ ಹಿಡಿದು ಒಂದೊಂದೇ ಚಕ್ರವನ್ನು ತಟ್ಟಿ ನಾದ ಕೇಳುವ ನೌಕರರು ಇರುತ್ತಿದ್ದುದು ಇದೇ ಕಾರಣಕ್ಕೆ. ಬಿರುಕು ಬಿಟ್ಟ ಚಕ್ರದ ನಾದ ಒಡಕಾಗಿರುತ್ತದೆ.

ವೇಗ ಇಪ್ಪತ್ತು ಪಟ್ಟು, ಹೊರೆ ನಾನೂರು ಪಟ್ಟು

ಕಾರಿಗೆ ಬ್ರೇಕ್ ಎಂಬುದು ಏಕೆ ಅಷ್ಟು ಕಷ್ಟದ ಕೆಲಸ? ಒಂದು ಟನ್ ತೂಗುವ ಬಂಡಿ ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ ಎಂದುಕೊಳ್ಳೋಣ. ಅಷ್ಟೇ ತೂಕದ ಕಾರು ಹೊಸಪೇಟೆ ಕಡೆಯ ಹೆದ್ದಾರಿಯಲ್ಲಿ 80ರಲ್ಲಿ ಹೋಗುತ್ತದೆ. ವೇಗ ಇಪ್ಪತ್ತು ಪಟ್ಟು ಹೆಚ್ಚಿದರೆ ಚಲನೆಯಲ್ಲಿ ಅಡಗಿದ ಶಕ್ತಿ ಇಪ್ಪತ್ತು ಪಟ್ಟಲ್ಲ, ನಾನೂರು ಪಟ್ಟು ಹೆಚ್ಚುತ್ತದೆ. ಕಾರು ನಿಲ್ಲಬೇಕಾದರೆ ಆ ಶಕ್ತಿಯೆಲ್ಲ ಎಲ್ಲಿಗಾದರೂ ಹೋಗಬೇಕು. ಬ್ರೇಕ್ ಅದನ್ನು ಶಾಖವಾಗಿ ಮಾರ್ಪಡಿಸುತ್ತದೆ. 80ರ ವೇಗದಿಂದ ಒಮ್ಮೆ ಪೂರ್ತಿ ನಿಂತರೆ ಹುಟ್ಟುವ ಶಾಖ ಮುಕ್ಕಾಲು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹದಕ್ಕೆ ತರಬಲ್ಲದು, ಅದೂ ಕೆಲವೇ ಸೆಕೆಂಡುಗಳಲ್ಲಿ.

ಇಂದಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್ ಇರುತ್ತದೆ. ಡಿಸ್ಕ್ ಎಂದರೆ ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆ. ಅದರ ಎರಡೂ ಕಡೆ ಪ್ಯಾಡುಗಳಿದ್ದು, ಪೆಡಲ್ ಒತ್ತಿದಾಗ ಕ್ಯಾಲಿಪರ್ ಎಂಬ ಹಿಡಿ ಅವನ್ನು ತಟ್ಟೆಗೆ ಅದುಮುತ್ತದೆ, ರೊಟ್ಟಿಯನ್ನು ಎರಡು ಬೆರಳಿನಿಂದ ಹಿಡಿದಂತೆ. ಡ್ರಮ್‌ನಲ್ಲಿ ಬೋಗುಣಿಯಂಥ ಲೋಹದ ಒಳಗೋಡೆಗೆ ಲೈನರ್ ಹಚ್ಚಿದ ಶೂಗಳು ಒಳಗಿನಿಂದ ಹೊರಕ್ಕೆ ಒತ್ತುತ್ತವೆ.

ಬ್ರೇಕಿನ ಕೂಗು ಹೊಸ ಕಾಲದ ಕಾಯಿಲೆಯೇನೂ ಅಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ. ಲೋಹಕ್ಕೆ ಲೋಹ ಉಜ್ಜುತ್ತಿದ್ದುದರಿಂದ ಅದರ ಚೀತ್ಕಾರ ಕೇಳಲಾಗದಂತಿತ್ತು. ಅಂದರೆ ಡಿಸ್ಕ್ ಬ್ರೇಕ್ ಹುಟ್ಟಿದ್ದೇ ಅಳುತ್ತ. ಅದನ್ನು ಸಮಾಧಾನಪಡಿಸಿದ ವಸ್ತು ಬಂದದ್ದು ಕುದುರೆಗಾಡಿಗಳ ಲೋಕದಿಂದ. ಡರ್ಬಿಶೈರಿನ ಗುಡ್ಡಗಳಲ್ಲಿ ಇಳಿಯುವ ಗಾಡಿಗಳು ಮರದ ತುಂಡಿನ ಬ್ರೇಕಿನಿಂದ ಪಡುತ್ತಿದ್ದ ಪಾಡನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬಾತ 1897ರಲ್ಲಿ ಅದಕ್ಕೆ ಹೊಂದುವ ಹೊದಿಕೆ ತಯಾರಿಸತೊಡಗಿದ. ಫೆರೋಡೊ ಎಂಬ ಹೆಸರಾದ ಸಂಸ್ಥೆ ಅವನದು. ಮುಂದೆ ಅವನು ಬಳಸಿದ ಕಲ್ನಾರಿನ ಹೊದಿಕೆ ಬಲವಾಗಿ ಹಿಡಿಯುತ್ತಿತ್ತು, ಬಿಸಿಯನ್ನು ತಾಳುತ್ತಿತ್ತು, ಸದ್ದೂ ಕಡಿಮೆ ಮಾಡುತ್ತಿತ್ತು. ಹತ್ತಿರ ಹತ್ತಿರ ಇಡೀ ಇಪ್ಪತ್ತನೆಯ ಶತಮಾನ ಲೋಕದ ವಾಹನಗಳು ಕಲ್ನಾರನ್ನೇ ನಂಬಿ ನಿಂತವು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಖಚಿತವಾದ ಮೇಲೆ ಅನೇಕ ದೇಶಗಳು ಅದನ್ನು ಕೈಬಿಟ್ಟವು. ಅದರ ಜಾಗಕ್ಕೆ ಬಂದ ಮಿಶ್ರಣಗಳಲ್ಲಿ ಉಕ್ಕಿನ ಎಳೆ, ಲೋಹದ ಪುಡಿ ಹೆಚ್ಚಿರುವ ಪ್ಯಾಡುಗಳು ಹೆಚ್ಚು ಬಿಸಿ ತಡೆಯುತ್ತವೆ, ಆದರೆ ಹೆಚ್ಚು ಕೂಗುತ್ತವೆ. ಹಳೆಯ ಅಂಬಾಸಡರ್ ಕೂಗದಿದ್ದ ಸಂದರ್ಭದಲ್ಲಿ ಇಂದಿನ ಕಾರು ಕೂಗಿದರೆ ಅದು ಕಳಪೆ ಎಂದು ತೀರ್ಪು ಕೊಡುವ ಮೊದಲು ಈ ಬದಲಾವಣೆಯನ್ನು ನೆನೆಯಬೇಕು.

ಪಿಟೀಲು ಮತ್ತು ಜಾಗಟೆ

ಕೂಗು ಹುಟ್ಟುವ ಬಗೆಯನ್ನು ಅರಿಯಲು ಸಂಗೀತ ಕಚೇರಿಗೆ ಹೋಗಬೇಕು. ಪಿಟೀಲಿನ ಕಮಾನು ತಂತಿಯನ್ನು ಅಂಟಿ ಹಿಡಿದು ತನ್ನೊಡನೆ ಸ್ವಲ್ಪ ಎಳೆದೊಯ್ಯುತ್ತದೆ. ಬಿಗಿತ ಹೆಚ್ಚಾದಾಗ ತಂತಿ ಜಾರಿ ಹಿಂದಕ್ಕೆ ಬರುತ್ತದೆ. ಮತ್ತೆ ಕಮಾನು ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ನಡೆಯುವ ಈ ಹಿಡಿ-ಬಿಡು ಆಟವೇ ಸ್ವರ. ಮುಂದೆ 1930ರಲ್ಲಿ ನೊಬೆಲ್ ಪಡೆದು, 1933ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ 1918ರಲ್ಲಿ ಪ್ರಕಟಿಸಿದ ದೊಡ್ಡ ಪ್ರಬಂಧವೊಂದು ಕಮಾನು ಎಳೆದ ತಂತಿಯ ಈ ಕಂಪನವನ್ನೇ ಕುರಿತದ್ದು.

ಪ್ಯಾಡು ಮತ್ತು ಡಿಸ್ಕ್ ನಡುವೆಯೂ ನಡೆಯುವುದು ಇದಕ್ಕೆ ಹತ್ತಿರದ ವ್ಯಾಪಾರ. ವೇಗ ಇಳಿದು ಕಾರು ನಿಲ್ಲುವ ಹೊತ್ತಿನಲ್ಲಿ ಪ್ಯಾಡಿನ ಹಿಡಿತ ಸಾಮಾನ್ಯವಾಗಿ ತುಸು ಹೆಚ್ಚುತ್ತದೆ. ಪ್ಯಾಡು ಅಂಟುತ್ತದೆ, ಜಾರುತ್ತದೆ, ನಡುಗುತ್ತದೆ. ಆ ನಡುಕ ಡಿಸ್ಕಿನ ಸಹಜ ಕಂಪನಕ್ಕೆ ಹೊಂದಿಕೊಂಡ ಕ್ಷಣದಲ್ಲಿ ಡಿಸ್ಕ್ ಗುಡಿಯ ಜಾಗಟೆಯಂತೆ ಮೊಳಗುತ್ತದೆ. ಆಕಾರದಲ್ಲೂ ಅದು ಜಾಗಟೆಯೇ ತಾನೇ? ಸೆಕೆಂಡಿಗೆ ಸಾವಿರದಿಂದ ಹತ್ತು ಹದಿನೈದು ಸಾವಿರ ಕಂಪನಗಳವರೆಗೂ ಈ ಕೂಗು ಏರಬಲ್ಲದು. ಎರಡರಿಂದ ಐದು ಸಾವಿರ ಕಂಪನಗಳ ಸದ್ದಿಗೆ ಮನುಷ್ಯನ ಕಿವಿ ಅತಿ ಸೂಕ್ಷ್ಮ. ಹೀಗಾಗಿ ಕಾರಣ ಚಿಕ್ಕದಾದರೂ ಕಿರಿಕಿರಿ ದೊಡ್ಡದು.

1938ರಲ್ಲೇ ಇಂಗ್ಲೆಂಡಿನಲ್ಲಿ ಈ ಬಗ್ಗೆ ಕ್ರಮಬದ್ಧ ಅಧ್ಯಯನ ಪ್ರಕಟವಾಗಿತ್ತು. ಹಿಡಿತ ಏರಿಳಿಯದಿದ್ದರೂ ಬಿಡಿಭಾಗಗಳ ಕಂಪನಗಳು ಒಂದಕ್ಕೊಂದು ಇಂಬುಕೊಟ್ಟು ಕೂಗೆಬ್ಬಿಸಬಲ್ಲವು ಎಂದು ಅನಂತರದ ಸಂಶೋಧನೆ ತೋರಿಸಿತು. ಅದಕ್ಕೇ ಕೂಗನ್ನು ಪೂರ್ಣವಾಗಿ ಅಳಿಸುವುದು ಇಂದಿಗೂ ಕಾರು ತಯಾರಕರಿಗೆ ಸಾಧ್ಯವಾಗಿಲ್ಲ. ಪ್ಯಾಡಿನ ಬೆನ್ನಿಗೆ ಶಿಮ್ ಎಂಬ ತೆಳು ಹಾಳೆ ಅಂಟಿಸುವುದು, ಅಂಚನ್ನು ಓರೆಯಾಗಿ ಕತ್ತರಿಸುವುದು, ಕಂಪನವನ್ನು ನುಂಗುವ ಗುಣವುಳ್ಳ ಎರಕದ ಕಬ್ಬಿಣವನ್ನೇ ಡಿಸ್ಕಿಗೆ ಆರಿಸುವುದು, ಇವೆಲ್ಲ ಜಾಗಟೆಗೆ ಬಟ್ಟೆ ಮುಚ್ಚುವ ಉಪಾಯಗಳು.

ಹೊಸ ಕಾರಿಗೇ ಏಕೆ?

ಹೊಸ ಕಾರು ಕೂಗಲು ಅದರದೇ ಆದ ಕಾರಣಗಳಿವೆ. ಪ್ಯಾಡು ಮತ್ತು ಡಿಸ್ಕ್ ಇನ್ನೂ ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲ. ಬೀಸುವ ಕಲ್ಲಿನ ಎರಡು ಹೋಳುಗಳು ಹೊಂದಿ ಕೂರುವಂತೆ ಇವೂ ಹೊಂದಿ ಕೂರಲು ಕೆಲವು ನೂರು ಕಿಲೋಮೀಟರ್ ಓಟ ಬೇಕು. ಆ ಅವಧಿಯಲ್ಲಿ ಹದವಾಗಿ ಬ್ರೇಕ್ ಹಿಡಿಯಬೇಕು. ಕೆಲವರು ಹೊಸದೆಂಬ ಮಮತೆಯಿಂದ ಪೆಡಲನ್ನು ಬರೀ ಸವರುತ್ತ ಓಡಿಸುತ್ತಾರೆ. ಬಿಸಿ ಏರದೆ, ಮೇಲ್ಮೈ ಸರಿಯಾಗಿ ಉಜ್ಜಿಕೊಳ್ಳದೆ ಪ್ಯಾಡು ಗಾಜಿನಂತೆ ಮಿರುಗತೊಡಗುತ್ತದೆ. ಅತಿಯಾಗಿ ಕಾಲಿಟ್ಟು ಸುಟ್ಟರೂ ಅದೇ ಗತಿ. ಮಿರುಗುವ ಪ್ಯಾಡು ಹಿಡಿಯುವುದು ಕಡಿಮೆ, ಕೂಗುವುದು ಹೆಚ್ಚು.

ಎರಡನೆಯ ಕಾರಣ ನೀರು. ಡಿಸ್ಕ್ ಬಣ್ಣವಿಲ್ಲದ ಕಬ್ಬಿಣ. ಮಳೆಯಲ್ಲಿ ನಿಂತರೆ, ಕಾರು ತೊಳೆದರೆ, ಒಂದೇ ಇರುಳಿನಲ್ಲಿ ಕೆಂಪು ತುಕ್ಕಿನ ತೆಳುಪದರ ಮೂಡುತ್ತದೆ. ಬೆಳಿಗ್ಗೆ ಮೊದಲ ನಾಲ್ಕಾರು ಸಲ ಬ್ರೇಕ್ ಹಿಡಿದಾಗ ಕರಕರ ಎಂದು ಅದು ಉಜ್ಜಿ ಹೋಗುತ್ತದೆ. ವಾರಕ್ಕೊಮ್ಮೆ ಮಾತ್ರ ಹೊರತೆಗೆಯುವ ಕಾರುಗಳಲ್ಲಿ ಇದು ಹೆಚ್ಚು. ಬ್ಯಾಟರಿ ಕಾರುಗಳಲ್ಲಿ ಮೋಟಾರೇ ವೇಗವನ್ನು ತಗ್ಗಿಸುವುದರಿಂದ ಬ್ರೇಕಿಗೆ ಕೆಲಸ ಕಡಿಮೆ. ತುಕ್ಕು ಹಿಡಿಯಲು ಬಿಡುವು ಹೆಚ್ಚು.

ಮೂರನೆಯದು ಧೂಳು. ಕೂಡ್ಲಿಗಿಯ ಕೆಂಪು ನೆಲವಿರಲಿ, ಹಡಗಲಿಯ ಎರೆಭೂಮಿಯಿರಲಿ, ಹೊಲದ ದಾರಿಯಲ್ಲಿ ಓಡಾಡುವ ಕಾರಿನ ಡ್ರಮ್ಮಿನೊಳಗೆ ಸೇರಿದ ಪುಡಿಮಣ್ಣಿಗೆ ಹೊರಬರುವ ದಾರಿಯಿಲ್ಲ. ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಜಲ್ಲಿಚೂರು ಸಿಕ್ಕಿಕೊಂಡರೆ ಬ್ರೇಕ್ ಮುಟ್ಟದಿದ್ದರೂ ಕರ್ಕಶ ಸದ್ದು. ಸುಗ್ಗಿಯಲ್ಲಿ ರಸ್ತೆಯ ಮೇಲೆಯೇ ಒಕ್ಕಣೆಗೆ ಹರಡಿದ ಹುರುಳಿ ಬಳ್ಳಿ, ಹೊಟ್ಟು ಕಾರಿನ ಅಡಿಭಾಗಕ್ಕೆ ಸುತ್ತಿಕೊಳ್ಳುವುದಂತೂ ಬರೀ ಸದ್ದಿನ ಮಾತಲ್ಲ. ಬಿಸಿ ತಗುಲಿ ಅದಕ್ಕೆ ಬೆಂಕಿ ಹತ್ತಿ ಕಾರುಗಳು ಸುಟ್ಟುಹೋದ ಘಟನೆಗಳು ಕರ್ನಾಟಕದ ಹಲವೆಡೆಯಿಂದ ವರದಿಯಾಗಿವೆ. ಒಕ್ಕಣೆ ರಸ್ತೆ ದಾಟಿದ ಮೇಲೆ ಇಳಿದು ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು.

ನಾಲ್ಕನೆಯದು ಮನುಷ್ಯರೇ ತಂದುಕೊಳ್ಳುವ ಕಾರಣ. 'ವಾಟರ್ ಸರ್ವಿಸ್' ಮಾಡಿಸಿದ ಮೇಲೆ ತುಕ್ಕು ಹಿಡಿಯದಿರಲೆಂದು ಕಾರಿನ ಅಡಿಗೆ ಡೀಸೆಲ್ ಇಲ್ಲವೆ ಹಳೆಯ ಆಯಿಲ್ ಸಿಂಪಡಿಸುವ ಪದ್ಧತಿ ಅನೇಕ ಊರುಗಳಲ್ಲಿದೆ. ಆ ತುಂತುರು ಡಿಸ್ಕಿನ ಮೇಲೆ ಬಿದ್ದರೆ ಪ್ಯಾಡು ಅದನ್ನು ಹೀರುತ್ತದೆ. ಆಗ ಕೂಗು ನಿಲ್ಲಲೂಬಹುದು. ಆದರೆ ಅದರೊಡನೆ ಕಾರು ನಿಲ್ಲುವುದೂ ಕಡಿಮೆಯಾಗುತ್ತದೆ. ಸೈಕಲ್ಲಿನ ಬ್ರೇಕ್ ಕಿರುಗುಟ್ಟುತ್ತದೆಂದು ರಬ್ಬರಿಗೆ ಕೊಬ್ಬರಿ ಎಣ್ಣೆ ಸವರಿ ಇಳಿಜಾರಿನಲ್ಲಿ ಬಿದ್ದ ಹುಡುಗರಿಗೆ ಈ ಸತ್ಯ ಮೊಣಕಾಲಿನ ಗಾಯದಿಂದ ತಿಳಿದಿರುತ್ತದೆ.

ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ದ್ರವವನ್ನು ಎಲ್ಲರೂ 'ಬ್ರೇಕ್ ಆಯಿಲ್' ಎನ್ನುತ್ತಾರೆ. ಅದು ಜಾರಿಸುವ ಎಣ್ಣೆಯೇ ಅಲ್ಲ, ಬೇರೆ ರಾಸಾಯನಿಕ. ಅದರ ಬದಲು ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಊದಿಕೊಂಡು ಬ್ರೇಕ್ ಕೆಡುತ್ತದೆ. ಕೀಲೆಣ್ಣೆಗೆ ಸಮನಾದದ್ದು ಬ್ರೇಕಿನಲ್ಲಿ ಇಲ್ಲವೆಂದಲ್ಲ. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ, ಪ್ಯಾಡಿನ ಬೆನ್ನಿಗೆ, ಬಿಸಿ ತಾಳುವ ವಿಶೇಷ ಗ್ರೀಸನ್ನು ತೆಳುವಾಗಿ ಹಚ್ಚುತ್ತಾರೆ. ಪ್ಯಾಡಿನ ಬೆನ್ನಿಗೆ ಹಚ್ಚಬಹುದು, ಮುಖಕ್ಕೆ ಎಂದೂ ಹಚ್ಚಕೂಡದು. ಹಳೆಯ ರೈತನ ವಿವೇಕ ಇಲ್ಲಿ ಪುನಃ ಬೇಕಾಗುತ್ತದೆ.

ಕೂಗಿನ ಜಾತಕ

ವೈದ್ಯರು ನೋವನ್ನು ಕೇಳುವಂತೆಯೇ ಕೂಗನ್ನೂ ಕೇಳಬೇಕು: ಯಾವಾಗ, ಎಲ್ಲಿ, ಹೇಗೆ? ಬೆಳಿಗ್ಗೆ ಮಾತ್ರ ಬಂದು ಒಂದೆರಡು ಫರ್ಲಾಂಗಿನಲ್ಲಿ ಮಾಯವಾದರೆ ತುಕ್ಕು ಇಲ್ಲವೆ ತೇವ, ಚಿಂತೆ ಬೇಡ. ನಿಲ್ಲುವ ಕೊನೆಯ ಗಳಿಗೆಯಲ್ಲಿ, ನಿಧಾನ ವೇಗದಲ್ಲಿ ಮಾತ್ರ ಕಿರ್ ಎಂದರೆ ಪ್ಯಾಡಿನ ಕಂಪನ ಇಲ್ಲವೆ ಧೂಳು. ಹಿಡಿತ ಚೆನ್ನಾಗಿದ್ದರೆ ಮುಂದಿನ ಸರ್ವಿಸ್‌ವರೆಗೆ ಕಾಯಬಹುದು. ಹಿಂದಕ್ಕೆ ತೆಗೆಯುವಾಗ ಮಾತ್ರ ಬಂದರೆ ಪ್ಯಾಡು ತನ್ನ ಗೂಡಿನಲ್ಲಿ ತುಸು ಸರಿದು ಕೂರುವ ಸದ್ದಿರಬಹುದು. ಜೋರಾಗಿ ಬ್ರೇಕ್ ಒತ್ತಿದಾಗ ಕಾಲಡಿ ಪೆಡಲ್ ತಡತಡ ಎಂದು ಒದ್ದರೆ ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವುದು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಈ ವ್ಯವಸ್ಥೆ ಕಡ್ಡಾಯ. ಹೆದರಿ ಕಾಲು ತೆಗೆಯಬಾರದು.

ಇವೆಲ್ಲಕ್ಕಿಂತ ಮುಖ್ಯವಾದುದು, ಬೇಕೆಂದೇ ಇಟ್ಟಿರುವ ಕೂಗು. ಅನೇಕ ಕಾರುಗಳ ಪ್ಯಾಡಿನ ಪಕ್ಕದಲ್ಲಿ ಒಂದು ಸಣ್ಣ ಉಕ್ಕಿನ ನಾಲಗೆ ಇರುತ್ತದೆ. ಹೊಸ ಪ್ಯಾಡಿನ ಉಜ್ಜುವ ಭಾಗ ಸುಮಾರು 10 ಮಿಲಿಮೀಟರ್ ದಪ್ಪ. ಅದು ಸವೆದು 2-3 ಮಿಲಿಮೀಟರಿಗೆ ಇಳಿದಾಗ ಈ ನಾಲಗೆ ಡಿಸ್ಕಿಗೆ ತಾಗಿ ಸಣ್ಣಗೆ, ಎಡೆಬಿಡದೆ ಕೂಗತೊಡಗುತ್ತದೆ. ಎಷ್ಟೋ ಸಲ ಬ್ರೇಕ್ ಮುಟ್ಟದೆ ಓಡುವಾಗಲೇ ಕೂಗು ಕೇಳಿ, ಬ್ರೇಕ್ ಒತ್ತಿದಾಗ ಅದು ನಿಲ್ಲುವುದೂ ಉಂಟು. ಇದು ಕಾರು ಮಾತಾಡುವ ಏಕೈಕ ಗಳಿಗೆ ಎನ್ನಬಹುದು. ಹೊಸ ಕಾರಿಗೆ ಇಷ್ಟು ಬೇಗ ಸವೆತ ಬರಲಾರದು ಎಂಬ ನಂಬಿಕೆ ಬೇಡ. ಹ್ಯಾಂಡ್ ಬ್ರೇಕ್ ಅರೆಬರೆ ಇಳಿಸಿ ಓಡಿಸಿದರೆ ಹಿಂದಿನ ಲೈನರ್, ಪಿನ್ ಸಿಕ್ಕಿಕೊಂಡರೆ ಮುಂದಿನ ಒಂದು ಪ್ಯಾಡು ಅಕಾಲದಲ್ಲಿ ಸವೆಯುತ್ತದೆ. ಈ ಕೂಗನ್ನೂ ಕೇಳಿಸಿಕೊಳ್ಳದಿದ್ದರೆ ಮುಂದಿನ ಸದ್ದು ಗರಗರ: ಪ್ಯಾಡಿನ ಉಕ್ಕಿನ ಬೆನ್ನು ಡಿಸ್ಕನ್ನು ಕೆರೆಯುವ ಸದ್ದು. ಆಗ ಕಾರನ್ನು ಅಲ್ಲೇ ನಿಲ್ಲಿಸಬೇಕು. ಪ್ಯಾಡಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಡಿಸ್ಕಿನ ಖರ್ಚಿಗೆ ಏರಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಲ್ಲುವ ಭರವಸೆಯೇ ಹೋಗಿರುತ್ತದೆ.

ಯಾವ ಚಕ್ರ ಎಂಬುದನ್ನು ಮನೆಯಲ್ಲೇ ಗುರುತಿಸಬಹುದು. ಕಿಟಕಿ ಇಳಿಸಿ ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕ ನಿಧಾನವಾಗಿ ಓಡಿಸಿದರೆ ಗೋಡೆಯ ಕಡೆಯ ಚಕ್ರದ ಸದ್ದು ಮರುಧ್ವನಿಸುತ್ತದೆ. ತಿರುಗಿ ಬಂದರೆ ಇನ್ನೊಂದು ಕಡೆಯದು. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಒಂದೊಂದು ಚಕ್ರದ ಬಳಿ ಮುಟ್ಟದೆ ಅಂಗೈ ಹಿಡಿದು ನೋಡಿದರೆ, ಎಡ ಬಲಗಳಲ್ಲಿ ಒಂದು ಮಾತ್ರ ಹೆಚ್ಚು ಬಿಸಿಯಿದ್ದಲ್ಲಿ ಅಲ್ಲಿ ಬ್ರೇಕ್ ಸಿಕ್ಕಿಕೊಂಡಿದೆ ಎಂದರ್ಥ. ಚಕ್ರದ ಸಂದಿನಿಂದ ಟಾರ್ಚ್ ಬಿಟ್ಟರೆ ಎಷ್ಟೋ ಕಾರುಗಳಲ್ಲಿ ಪ್ಯಾಡಿನ ದಪ್ಪ ಕಾಣುತ್ತದೆ. ಚಕ್ರ ಬಿಚ್ಚುವ, ಉಜ್ಜುವ ಕೆಲಸ ಮಾತ್ರ ತಿಳಿದವರದು. ಪ್ಯಾಡಿನ ಧೂಳನ್ನು ಬಾಯಿಂದ ಊದುವುದಾಗಲಿ ಗಾಳಿ ಬಿಟ್ಟು ಹಾರಿಸುವುದಾಗಲಿ ಯಾರಿಗೂ ಒಳ್ಳೆಯದಲ್ಲ.

ಸದ್ದಿಲ್ಲದ ಕೇಡು

ಕೂಗದ ಬ್ರೇಕ್ ಎಲ್ಲವೂ ಕ್ಷೇಮವೆಂದು ತಿಳಿಯುವಂತಿಲ್ಲ. ಪೆಡಲ್ ದಿನದಿಂದ ದಿನಕ್ಕೆ ಆಳಕ್ಕೆ ಇಳಿಯುವುದು, ಒತ್ತಿದರೆ ಮೆತ್ತಗೆ ಹಿಟ್ಟಿನಂತಿರುವುದು, ಕಾರು ಒಂದು ಕಡೆಗೆ ಎಳೆಯುವುದು, ಸ್ಟಿಯರಿಂಗ್ ಅದುರುವುದು, ಸುಟ್ಟ ವಾಸನೆ, ಚಕ್ರದ ಒಳಮೈಯಲ್ಲಿ ಒದ್ದೆ, ಬ್ರೇಕ್ ದ್ರವದ ಮಟ್ಟ ಇಳಿದಿರುವುದು, ಇವು ಯಾವುವೂ ಬೀದಿಯವರನ್ನು ತಿರುಗಿ ನೋಡುವಂತೆ ಮಾಡುವುದಿಲ್ಲ. ಆದರೆ ಕೂಗಿಗಿಂತ ಇವೇ ಹೆಚ್ಚು ಭಯಂಕರ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ತೇವ ಹೆಚ್ಚಾದ ದ್ರವ ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಒಳಗೇ ಕುದಿದು ಗುಳ್ಳೆಯೇಳುತ್ತದೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಕಾರು ನಿಲ್ಲುವುದಿಲ್ಲ. ಸುಮಾರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆಂದು ಹೆಚ್ಚಿನ ತಯಾರಕರು ಹೇಳುವುದು ಇದಕ್ಕೆ. ಇಳಿಜಾರಿನಲ್ಲಿ ಬ್ರೇಕ್ ಮೇಲೆಯೇ ಕಾಲಿಟ್ಟುಕೊಳ್ಳದೆ ಕೆಳಗಿನ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಲಾರಿ ಚಾಲಕರ ಮಾತಿನಲ್ಲೂ ಇದೇ ಜ್ಞಾನವಿದೆ.

ಗ್ಯಾರೇಜಿಗೆ ಹೋದಾಗ 'ಬ್ರೇಕ್ ಸೌಂಡ್ ಬರ್ತಿದೆ' ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಊಹಿಸಬೇಕಾಗುತ್ತದೆ. ಊಹೆಗೆ ಬಿಲ್ಲು ದೊಡ್ಡದಾಗುತ್ತದೆ. ಇಲ್ಲಿ ಕನ್ನಡವೇ ನೆರವಿಗೆ ಬರುತ್ತದೆ. ವ್ಯಾಕರಣದವರು ಅನುಕರಣಾವ್ಯಯವೆಂದು ಕರೆಯುವ ಮಾತುಗಳು ಈ ನುಡಿಯಲ್ಲಿ ಹೇರಳ. ಕಿರ್ ಎಂದಿತೋ, ಕೀಂಯ್ ಎಂದಿತೋ, ಕರಕರ ಅಂದಿತೋ, ಗರಗರ ಅಂದಿತೋ, ಕಟಕ್ ಎಂದಿತೋ: ಇವು ಐದು ಬೇರೆ ಬೇರೆ ರೋಗಲಕ್ಷಣಗಳು. ತುಕ್ಕಿನದು ಕರಕರ, ಲೋಹ ಲೋಹಕ್ಕೆ ತಾಗಿದ್ದು ಗರಗರ, ಸಡಿಲವಾದ ಕ್ಲಿಪ್ಪಿನದು ಕಟಕ್. 'ಬೆಳಿಗ್ಗೆ ಬರುವುದಿಲ್ಲ, ಹತ್ತು ಕಿಲೋಮೀಟರ್ ಆದ ಮೇಲೆ ಮುಂದಿನ ಎಡಗಡೆ ಕೀಂಯ್ ಅನ್ನುತ್ತದೆ, ಒತ್ತಿದರೆ ನಿಲ್ಲುತ್ತದೆ' ಎಂದು ಹೇಳಬಲ್ಲ ಒಡೆಯನಿಗೆ ಬೇಡದ ಬಿಡಿಭಾಗ ಮಾರುವುದು ಸುಲಭವಲ್ಲ. ಪ್ಯಾಡು, ಲೈನರ್ ಸವೆಯುವ ವಸ್ತುಗಳಾದ್ದರಿಂದ ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ ಎಂಬುದು ಗೊತ್ತಿರಬೇಕು. ಹಾಕಿಸುವುದಾದರೆ ಎಡ ಬಲ ಎರಡಕ್ಕೂ ಒಟ್ಟಿಗೆ ಹಾಕಿಸಬೇಕು. ಒಂದೇ ಕಡೆ ಹೊಸದಾದರೆ ಕಾರು ಒಂದು ಕಡೆಗೆ ಎಳೆಯಬಹುದು.

ಬಂಡಿಯಿಂದ ಕಾರಿಗೆ ಬಂದ ಈ ಪಯಣದಲ್ಲಿ ಕಳೆದುಹೋಗಿರುವುದು ಕೀಲೆಣ್ಣೆಯ ಗೊಟ್ಟವಲ್ಲ, ಗಾಲಿಗೆ ಕಿವಿಗೊಡುವ ಅಭ್ಯಾಸ. ಕಿಟಕಿ ಏರಿಸಿ, ಎಸಿ ಹಾಕಿ, ಹಾಡು ಹಚ್ಚಿದ ಮೇಲೆ ಪ್ಯಾಡಿನ ನಾಲಗೆ ಎಷ್ಟು ಕೂಗಿದರೂ ಒಳಗೆ ಕುಳಿತವರಿಗೆ ಅದು ಮುಟ್ಟುವುದಿಲ್ಲ. ವಾರಕ್ಕೊಮ್ಮೆಯಾದರೂ ಊರೊಳಗೆ ಕಿಟಕಿ ಇಳಿಸಿ, ಹಾಡು ನಿಲ್ಲಿಸಿ ಒಂದು ಮೈಲಿ ಓಡಿಸಿದರೆ ಸಾಕು. ಆ ಮೌನದಲ್ಲಿ ಕೇಳಿದ್ದಕ್ಕೆ ಎಣ್ಣೆಯ ಬಾಟಲಿ ಹುಡುಕುವ ಮೊದಲು, ಕೂಗಿದ್ದು ಅಚ್ಚೋ ಬ್ರೇಕೋ ಎಂದು ವಿಚಾರಿಸಬೇಕು, ಅಷ್ಟೆ.